ಹಿನ್ನೀರಿನ ದೋಣಿಗೆ ಕಾರಿನ ಡಿಸ್ಟ್ರಿಬ್ಯೂಟರ್ ಹಾಕಬೋದೇನ್ರಿ?

ಪ್ರಶ್ನೆ: ಸರ, ನಮಸ್ಕಾರ್ರಿ. ಆಲಮಟ್ಟಿ ಹಿನ್ನೀರಿನ್ಯಾಗ ನಮ್ದೊಂದು ಫೈಬರ್ ದೋಣಿ ಐತ್ರಿ, ಒಳಗ ಪೆಟ್ಟಿಗೆಯೊಳಗ ಕೂಡಿಸಿದ ನಾಕ್ ಸಿಲಿಂಡರಿನ ಹಳೇ ಕಾರ್ಬ್ಯುರೇಟರ್ ಪೆಟ್ರೋಲ್ ಎಂಜಿನ್. ಚಿಕ್ಕಸಂಗಮದ ಕಡೆ ಹಕ್ಕಿ ನೋಡಾಕ ಬರೋ ಮಂದೀನ ಕರ್ಕೊಂಡ ಹೋಗ್ತೀವಿ. ಈಗ ಡಿಸ್ಟ್ರಿಬ್ಯೂಟರ್ (ಸಿಲಿಂಡರಿಗೆ ಪಾಳಿ ಪ್ರಕಾರ ಕಿಡಿ ಕರೆಂಟ್ ಹಂಚೋ ಸಾಮಾನು) ಕೆಟ್ಟೈತಿ, ಸ್ಟಾರ್ಟರ್ ಮೋಟಾರೂ ತಿರಗವಲ್ದು. ಮರೈನ್, ಅಂದ್ರ ದೋಣಿಗಂತ ಮಾಡಿದ, ಪಾರ್ಟಿನ ರೇಟ್ ಕೇಳಿದ್ರ ಎದಿ ಝಲ್ ಅಂತೈತಿ. ಮೆಕ್ಯಾನಿಕ್ ಅಂತಾನ, ಕಾರಿಂದ ಹಾಕ್ರಿ, ಬೋಲ್ಟ್ ಸೈತ ಬರೋಬ್ಬರಿ ಕುಂದರ್ತಾವ, ನಮ್ದೇನ ಸಮುದ್ರ ಅಲ್ಲ, ಸಿಹಿನೀರು, ತುಕ್ಕ ಹಿಡಿಯಂಗಿಲ್ಲ ಅಂತ. ಏನ್ ಮಾಡೂಣ್ರಿ?
— ಓದುಗರೊಬ್ಬರು, ಬೀಳಗಿ

ಉತ್ತರ: ಹಾಕಬ್ಯಾಡ್ರಿ. ಬೋಲ್ಟ್ ಕುಂದರ್ತಾವ, ಎಂಜಿನ್ನೂ ಚಾಲೂ ಆಕ್ಕತಿ, ಎಲ್ಲಾ ಖರೆ, ಅದಕ್ಕ ಮಂದಿ ನಂಬ್ತಾರ. ಮರೈನ್ ಅಂದ್ರ ಬರೀ ಉಪ್ಪಿಗೆ ತಡಿಯೋದು ಅಂತ ಭಾಳ ಮಂದಿ ತಿಳ್ಕೊಂಡಾರ. ಇಗ್ನಿಷನ್ (ಕಿಡಿ ಹೊತ್ತಿಸೋ) ಸಾಮಾನಿನ ವಿಷಯದಾಗ ಉಪ್ಪು ಎರಡನೇ ಮಾತು, ಮೊದಲನೇ ಮಾತು ಪೆಟ್ರೋಲ್ ಆವಿ, ಅದಕ್ಕ ಸಮುದ್ರಾನೂ ಒಂದ, ಕೃಷ್ಣಾ ನದೀನೂ ಒಂದ.

ಕಾರಿನ ಬಾನೆಟ್ ಕೆಳಗ ರಸ್ತೆ ಕಾಣ್ತೈತಿ, ಗಾಳಿ ಆಡ್ತೈತಿ, ಒಂದೆರಡ ಹನಿ ಸೋರಿದ್ರೂ ಹಾರಿ ಹೋಕ್ಕತಿ. ದೋಣಿ ತಳ ಮುಚ್ಚಿದ್ದು. ಪೆಟ್ರೋಲ್ ಆವಿ ಗಾಳಿಗಿಂತ 3-4 ಪಟ್ಟು ಭಾರ, ಕೊಡದಾಗ ನೀರು ನಿಂತಂಗ ತಳಕ್ಕ ಹೋಗಿ ನಿಲ್ತೈತಿ. ಗಾಳಿಯೊಳಗ ನೂರಕ್ಕ ಸುಮಾರು 1.4 ಪಾಲು ಆವಿ ಕೂಡಿದ್ರ ಸಾಕು, ಒಂದ ಕಿಡಿಗೆ ಸ್ಫೋಟ ಆಕ್ಕತಿ. ನಮ್ಮ ಕಡೆ ಮೇ ತಿಂಗಳ ಬಿಸಲಾಗ ಪೆಟ್ಟಿಗೆ ಮುಚ್ಚಿಟ್ಟ ದೋಣಿ ದಂಡಿಗೆ ನಿಂತಿರ್ತೈತಿ, ಮಂದಿ ಹತ್ತಿ ಕುಂತಮ್ಯಾಲೆ ನೀವು ಚಾವಿ ತಿರುವ್ತೀರಿ. ಆ ಹೊತ್ತಿನ್ಯಾಗ ಸ್ಟಾರ್ಟರಿನ ಬ್ರಷ್ಷಿನ್ಯಾಗ, ಅದಕ್ಕ ಕರೆಂಟ್ ಕೊಡೋ ಸ್ವಿಚ್ಚು ಸೊಲೆನಾಯ್ಡಿನ್ಯಾಗ ಕಿಡಿ ಹಾರೇ ಹಾರ್ತಾವ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗಂತೂ ಪ್ರತಿ ಸಿಲಿಂಡರಿಗೂ ಒಳಗ ತಿರಗೋ ರೋಟರಿಂದ ಒಂದೊಂದ ಕಿಡಿ ಜಿಗೀಬೇಕು, ಅದರ ಕೆಲಸಾನ ಅದು.

ಕಾರಿನ ಡಿಸ್ಟ್ರಿಬ್ಯೂಟರಿಗೆ ಉಸಿರಾಡಾಕ ಬರೀ ತೂತು ಇರ್ತೈತಿ. ಮರೈನ್ ಡಿಸ್ಟ್ರಿಬ್ಯೂಟರಿನ ತೂತಿಗೆ ಸಣ್ಣ ಲೋಹದ ಜಾಳಿಗಿ ಕೂಡಿಸಿರ್ತಾರ, ಒಳಗ ಆವಿ ಹೊತ್ತಿದ್ರೂ ಬೆಂಕಿ ಆ ಜಾಳಿಗಿ ದಾಟೂದ್ರಾಗ ತಣ್ಣಗಾಗಿ ಆರತೈತಿ, ಹೊರಗಿನ ಆವಿಗೆ ಮುಟ್ಟಂಗಿಲ್ಲ. ಇದು ಹೊಸಾದೇನಲ್ರಿ, 1815ರಾಗ ಹಂಫ್ರಿ ಡೇವಿ ಕಲ್ಲಿದ್ದಲ ಗಣಿ ಕೆಲಸಗಾರರ ಸಲುವಾಗಿ ಮಾಡಿದ ದೀಪದಾಗ ಇದ್ದದ್ದೂ ಇದ ಉಪಾಯ. ಮರೈನ್ ಸ್ಟಾರ್ಟರಿಗೆ ಸೀಲು, ಗ್ಯಾಸ್ಕೆಟ್ ಹಾಕಿ ಮುಚ್ಚಿರ್ತಾರ. ಆಲ್ಟರ್ನೇಟರೂ ಹಂಗ, ಕಿಡಿ ಹೊರಗ ಬರಲಾರ್ದಂಗ ಮಾಡಿದ್ದು. ರೊಕ್ಕ ಹೆಚ್ಚಾಗೋದು ಇದಕ್ಕ.

ಇನ್ನೊಂದು, ಡಿಸ್ಟ್ರಿಬ್ಯೂಟರಿನೊಳಗ ಕರೆಂಟ್ ಕಡಿಯೋ ಪಾಯಿಂಟ್ ತಗದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದ್ರ ಕಿಡೀನ ಇಲ್ಲ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಪಾಯಿಂಟಿನ ಕಿಡಿ ಹೋಕ್ಕತಿ, ರೋಟರ್ ಕಿಡಿ ಹಂಗ ಇರ್ತೈತಿ. ಮತ್ತ ದೋಣಿ ಎಂಜಿನ್ ಯಾವತ್ತೂ ಲೋಡಿನ ಮ್ಯಾಲೆ ಓಡೋದು, ಅದಕ್ಕ ಮರೈನ್ ಡಿಸ್ಟ್ರಿಬ್ಯೂಟರಿನ ಟೈಮಿಂಗ್ ಅಡ್ವಾನ್ಸ್ (ಕಿಡಿ ಎಷ್ಟು ಮೊದಲ ಹೊಡೀಬೇಕು ಅನ್ನೋ ಲೆಕ್ಕ) ಬ್ಯಾರೇನ ಇರ್ತೈತಿ, ಕಾರಿಂದು ಹಾಕಿದ್ರ ಎಂಜಿನ್ ಒಳಗ ಟಕಟಕ ಬಡದು (ನಾಕಿಂಗ್) ಪಿಸ್ಟನ್ ಕೆಡೋ ಸಂಭವ ಐತಿ. ಉಳಿಸಿದ ರೊಕ್ಕ ಅಲ್ಲೇ ಹೋತು.

ತೊಗೊಳ್ಳೂವಾಗ ಬಣ್ಣ ನೋಡಿ ಮರುಳಾಗಬ್ಯಾಡ್ರಿ. ಪಾರ್ಟಿನ ಮ್ಯಾಲೆ ‘ಇಗ್ನಿಷನ್ ಪ್ರೊಟೆಕ್ಟೆಡ್’ ಅಂತರ, ಕಿಡಿ ಹೊರಗ ಬರಲಾರ್ದಂಗ ಇರೋ ಸಾಮಾನಿನ ಮಾನದಂಡ ಎಸ್‌ಎಇ ಜೆ1171 ಇಲ್ಲಾ ಐಎಸ್‌ಒ 8846 ಅಂತರ ಅಚ್ಚು ಇರಬೇಕು. ವಾಟರ್‌ಪ್ರೂಫ್, ಐಪಿ67 ಅಂತ ಬರದಿದ್ರ ಅದು ನೀರಿನ ಮಾತು, ಕಿಡಿ ಮಾತಲ್ಲ, ಎರಡೂ ಬ್ಯಾರೆ. ಅದ ಪೆಟ್ಟಿಗೆಯೊಳಗ ಇರೋ ನೀರೆತ್ತೋ ಪಂಪು, ಬ್ಯಾಟರಿ ಸ್ವಿಚ್ಚು, ಆವಿ ಎಳಿಯೋ ಬ್ಲೋವರ್ ಫ್ಯಾನೂ ಇದ ಜಾತೀವ ಇರಬೇಕು. ಹಳೇದನ್ನ ರಿಪೇರಿ ಮಾಡಿಸ್ತೀನಿ ಅಂದ್ರ ಜಾಳಿಗಿ, ಸೀಲು ವಾಪಸ್ ಅದರ ಜಾಗಕ್ಕ ಕುಂತಾವೋ ಇಲ್ಲೋ ನಿಂತು ನೋಡ್ರಿ, ಕೆಲವ್ರು ಕಸ ಅಂತ ತಗದು ಒಗದ ಬಿಡ್ತಾರ. ಬೆಳಗಾವಿಯಿಂದ ಗೋವಾ ಹತ್ರ, ದೋಣಿ ಸಾಮಾನಿನ ಅಂಗಡಿ ಅಲ್ಲಿ ಹುಡುಕ್ರಿ, ಹಳೇ ಪಾರ್ಟ್ ಕೈಯಾಗ ಹಿಡಕೊಂಡ ಹೋಗ್ರಿ, ಯಾಕಂದ್ರ ಕೆಲವು ಮರೈನ್ ಎಂಜಿನ್ ಉಲ್ಟಾ ತಿರಗ್ತಾವ.

ಅಲ್ಲೀತನಕ ದೋಣಿ ದಂಡಿಗೆ ಇರ್ಲಿ. ಹೊಸಾ ಪಾರ್ಟ್ ಹಾಕಿದಮ್ಯಾಲೂ ಪ್ರತಿ ಸಲ ಚಾವಿ ಹಚ್ಚೋ ಮೊದಲ 4 ನಿಮಿಷ ಬ್ಲೋವರ್ ಬಿಟ್ಟು, ಪೆಟ್ಟಿಗೆ ತಗದು ಮೂಗಿಲೆ ವಾಸನಿ ನೋಡಿ, ಆಮ್ಯಾಲೆ ಮಂದೀನ ಹತ್ತಿಸ್ಕೋರಿ. ಪೆಟ್ರೋಲ್ ವಾಸನಿ ಬಂದ್ರ ಚಾವಿ ಮುಟ್ಟಬ್ಯಾಡ್ರಿ, ಸೋರೋದು ಎಲ್ಲಿ ಅಂತ ಮೊದಲ ಹುಡುಕ್ರಿ.

ಪ್ರಶ್ನೆ: ನಮ್ದು ಹಿಂದ ತೂಗು ಹಾಕೋ ಔಟ್‌ಬೋರ್ಡ್ ಎಂಜಿನ್ರಿ. ನಮಗೂ ಇದೆಲ್ಲಾ ಬೇಕೇನ್ರಿ?
— ಓದುಗರೊಬ್ಬರು, ನಿಡಗುಂದಿ

ಉತ್ತರ: ಎಂಜಿನ್ ಬಯಲಿನ್ಯಾಗ ಇರ್ತೈತಿ, ಆವಿ ನಿಲ್ಲಂಗಿಲ್ಲ, ಹಂಗಾಗಿ ಅಂಜಿಕಿ ಕಡಿಮಿ. ಕಂಪನಿ ಹೇಳಿದ ನಂಬರಿನ ಪ್ಲಗ್ಗು, ಕಾಯಿಲ್ ಹಾಕ್ರಿ. ಆದ್ರ ಪೆಟ್ರೋಲ್ ಟ್ಯಾಂಕೂ ಬ್ಯಾಟರಿನೂ ಸೀಟಿನ ಕೆಳಗ ಒಂದ ಮುಚ್ಚಿದ ಖಾನೆದಾಗ ಇಟ್ಟಿದ್ರ ಬ್ಯಾಟರಿ ಇವತ್ತ ಬ್ಯಾರೆ ಕಡೆ ಸರಿಸ್ರಿ.