ಉಣ್ಣಿ ಕಚ್ಚಿತ್ತು, ಈಗ ಜ್ವರ ಬಂದಿದೆ

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಗೋವಾದ ಸತ್ತರಿಯಲ್ಲಿ ಗೋಡಂಬಿ ತೋಟದ ಕೆಲಸಕ್ಕಿದ್ದೇವೆ. ನಮ್ಮ ಯಜಮಾನರ ತೊಡೆಸಂದಿಯಲ್ಲಿ ಉಣ್ಣಿ ಕಚ್ಚಿಕೊಂಡಿತ್ತು, ಪಕ್ಕದವರು ಬೀಡಿ ತಾಗಿಸಿ ತೆಗೆದರು. ಈಗ ಜೋರು ಜ್ವರ, ಸೊಂಟನೋವು, ತಲೆ ಎತ್ತಲಾಗುತ್ತಿಲ್ಲ. ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿತ್ತು. ಮೆಡಿಕಲ್ ಶಾಪಿನ ಮಾತ್ರೆ ಸಾಕಾ? ನನಗೂ ಮಕ್ಕಳಿಗೂ ಅಂಟುತ್ತದಾ?

ಉತ್ತರ: ಸಾಕಾಗುವುದಿಲ್ಲ ತಂಗಿ. ನಿಮಗೆ ಆಗಲೇ ಫೋನ್ ಮಾಡಿ ಹೇಳಿದ್ದನ್ನು ಉಳಿದವರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಇದು ಮಂಗನ ಕಾಯಿಲೆ ಇರಬಹುದು, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗೋಡಂಬಿ ತೋಟದ ಕೆಲಸ, ಉಣ್ಣಿ ಕಚ್ಚಿದ್ದು, ಮಂಗ ಸತ್ತಿದ್ದು, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ನಮ್ಮ ಜನ ಕೊಂಕಣಿ ಬರಲ್ಲ ಅಂತ ಸುಮ್ನೆ 'ಜ್ವರ' ಅಂದು ಕೂತುಬಿಡುತ್ತಾರೆ. ಪ್ಲೇಟ್‌ಲೆಟ್ ಇಳಿದಿದ್ದರೆ ಮೊದಲು ಡೆಂಗಿ ಅಂತಲೇ ಅನುಮಾನ ಬರುತ್ತದೆ. ಮಂಗನ ಕಾಯಿಲೆಗೆ ಬೇರೆ ರಕ್ತಪರೀಕ್ಷೆ ಇದೆ, ಅದನ್ನು ಬರೆದುಕೊಡಲು ಡಾಕ್ಟರಿಗೆ ವಿಷಯ ಗೊತ್ತಿರಬೇಕು ಅಲ್ವಾ?

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ 2015ರಲ್ಲಿ ಸತ್ತರಿಯಲ್ಲೂ ಕಾಣಿಸಿಕೊಂಡಿತು. ಬೇಸಿಗೆ ಮುಗಿಯುವವರೆಗೂ ಕಾಡಿನಲ್ಲಿ ಮರಿ ಉಣ್ಣಿಗಳ ಕಾಟ, ಗೋಡಂಬಿ ಕೊಯ್ಲೂ ಆಗಲೇ. ಬಿದ್ದ ಹಣ್ಣು ಆಯಲು ತರಗೆಲೆಯಲ್ಲಿ ಕೈಯಾಡಿಸಿ ಬಗ್ಗಿ ಬಗ್ಗಿ ಓಡಾಡುವವರಿಗೆ, ಎಳ್ಳಿನಷ್ಟಿರುವ ಮರಿ ಕಾಲು ಹತ್ತಿದ್ದೇ ಗೊತ್ತಾಗುವುದಿಲ್ಲ. ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಬರುತ್ತದೆ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣಿಗಳು ಸುತ್ತಲೂ ಉದುರುತ್ತವೆ. ಆ ಕಡೆ ಹೋಗಬೇಡಿ, ಪಂಚಾಯ್ತಿಗೆ ತಿಳಿಸಿ.

ಇದಕ್ಕೆ ಅಂತ ಮದ್ದಿಲ್ಲ. ಆದರೆ ಬೇಗ ದಾಖಲಾದರೆ ಡ್ರಿಪ್ ಕೊಟ್ಟು, ರಕ್ತಸ್ರಾವ ಆಗುತ್ತಿದೆಯಾ ಅಂತ ನೋಡಿಕೊಳ್ಳುತ್ತಾರೆ, ಹೆಚ್ಚಿನವರು ಹುಷಾರಾಗುತ್ತಾರೆ. 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ, ಹಾಗಾಗಿ ಕೂಲಿ ತಪ್ಪುತ್ತದೆ ಅಂತ ಮನೆಯಲ್ಲೇ ಮಲಗಿಸಬೇಡಿ. ಆಸ್ಪಿರಿನ್, ಬ್ರೂಫೆನ್ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ, ತಲೆನೋವು, ಗೊಂದಲ ಶುರುವಾಗುತ್ತದೆ. ಆಗ ಪುನಃ ಆಸ್ಪತ್ರೆಗೆ ಓಡಬೇಕು.

ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಧೈರ್ಯವಾಗಿ ಪಕ್ಕದಲ್ಲಿ ಕೂತು ಗಂಜಿ ಕುಡಿಸಿ.

ಪ್ರಶ್ನೆ: ಫೋಂಡಾದಲ್ಲಿದ್ದೇವೆ. ನಾಯಿಗೆ ಮೈತುಂಬ ಉಣ್ಣಿ, ಮಗಳ ಕಿವಿ ಹಿಂದೆಯೂ ಒಂದು ಸಿಕ್ಕಿತು. ಹೇಗೆ ತೆಗೆಯಬೇಕು? ಇದರಿಂದಲೂ ಮಂಗನ ಕಾಯಿಲೆ ಬರುತ್ತದಾ?

ಉತ್ತರ: ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಉಣ್ಣಿ. ಮನೆ ನಾಯಿಯದ್ದು ಬೇರೆ ಜಾತಿ, ಆದರೆ ಅದರಿಂದ ಉಣ್ಣಿ ಟೈಫಸ್ ಜ್ವರ ಬರಬಹುದು. ಮುಂದಿನ ಎರಡು ವಾರದಲ್ಲಿ ಮಗುವಿಗೆ ಜ್ವರ ಬಂದರೆ, ಅಂಗೈ ಅಂಗಾಲಲ್ಲೂ ಕೆಂಪು ಚುಕ್ಕೆ ಎದ್ದರೆ, ಉಣ್ಣಿ ಕಚ್ಚಿತ್ತು ಅಂತ ಡಾಕ್ಟರಿಗೆ ಹೇಳಿ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ.

ತೆಗೆಯುವಾಗ ಚೂಪು ತುದಿಯ ಚಿಮಟದಲ್ಲಿ, ಚರ್ಮಕ್ಕೆ ಅಂಟಿದಂತೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಬೀಡಿ, ಸೀಮೆಎಣ್ಣೆ ಬೇಡ. ಉಗುರಲ್ಲಿ ಹಿಸುಕಲೂಬೇಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ನಾಯಿಗೆ ಪಶುವೈದ್ಯರಿಂದ ಮದ್ದು ಹಾಕಿಸಿ, ಅದು ಮಲಗುವ ಜಾಗದ ಗೋಡೆಸಂದಿಗಳನ್ನೂ ಕ್ಲೀನ್ ಮಾಡಿಸಿ, ಉಣ್ಣಿ ಮೊಟ್ಟೆ ಇಡುವುದು ಅಲ್ಲೇ.