ಅಮೆರಿಕದಲ್ಲಿ ಸೀಸನ್ ಕೊನೆಗೆ ಆಡುವ ದೊಡ್ಡ ಕಾಲೇಜು ಫುಟ್‌ಬಾಲ್ ಪಂದ್ಯಗಳಿಗೆ 'ಬೌಲ್', ಅಂದರೆ ಬಟ್ಟಲು, ಅಂತ ಯಾಕೆ ಹೆಸರು? ಕೆಲವನ್ನು ಹೊಸ ವರ್ಷದ ದಿನವೇ ಯಾಕೆ ಆಡುತ್ತಾರೆ?

ಗೆದ್ದವರಿಗೆ ಬಟ್ಟಲು ಕೊಡುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಬಟ್ಟಲಿನ ಹಾಗಿರುವುದು ಮೈದಾನ. ಆದರೆ ಆ ಮೈದಾನ ಕಟ್ಟುವುದಕ್ಕೆ 20 ವರ್ಷ ಮೊದಲೇ ಪಂದ್ಯ ಶುರುವಾಗಿತ್ತು. ಪಂದ್ಯಕ್ಕೂ ಮೊದಲು ಇದ್ದದ್ದು ಹೂವು!

ಈ ಬೌಲ್ ಪಂದ್ಯಗಳಲ್ಲಿ ಎಲ್ಲಕ್ಕಿಂತ ಹಳೆಯದು ರೋಸ್ ಬೌಲ್. ಊರು ಲಾಸ್ ಏಂಜಲೀಸ್ ಪಕ್ಕದ ಪಾಸಡೀನಾ. 1890ರ ಜನವರಿ 1ರಂದು ಅಲ್ಲಿನ ವ್ಯಾಲಿ ಹಂಟ್ ಕ್ಲಬ್‌ನವರು ಕುದುರೆಗಾಡಿಗಳನ್ನು ಹೂವಿನಿಂದ ಸಿಂಗರಿಸಿ ಮೆರವಣಿಗೆ ಮಾಡಿದರು. ಪೂರ್ವದ ಊರುಗಳಲ್ಲಿ ಹಿಮ ಬೀಳುವಾಗ ನಮ್ಮಲ್ಲಿ ಗುಲಾಬಿ ಅರಳಿದೆ ನೋಡಿ ಅಂತ ತೋರಿಸುವ ಆಸೆ. ಮೆರವಣಿಗೆ ಈಗಲೂ ನಡೆಯುತ್ತದೆ. ನಾನಿರುವುದು ಅಲ್ಲಿಗೆ ಹತ್ತಿರದಲ್ಲೇ. ಜಾಗ ಸಿಗಲಿ ಅಂತ ಜನ ಹಿಂದಿನ ರಾತ್ರಿಯೇ ಕೊಲರಾಡೋ ಬುಲೆವಾರ್ಡ್‌ನ ಫುಟ್‌ಪಾತ್ ಮೇಲೆ ಕಂಬಳಿ ಹೊದ್ದು ಕೂತಿರುತ್ತಾರೆ. ಸ್ತಬ್ಧಚಿತ್ರದಲ್ಲಿ ಕಣ್ಣಿಗೆ ಕಾಣುವ ಜಾಗವೆಲ್ಲ ಹೂವು, ಎಲೆ, ಬೀಜ, ತೊಗಟೆ, ಇಂಥದ್ದರಿಂದಲೇ ಮುಚ್ಚಿರಬೇಕು. ಹತ್ತಿರ ಹೋಗಿ ನೋಡಿದರೆ ಬಣ್ಣ ಅಂದುಕೊಂಡದ್ದು ಕಾಳು ಅಂತ ಗೊತ್ತಾಗುತ್ತದೆ.

ಜನವರಿ 1 ಭಾನುವಾರ ಬಂದರೆ ಮೆರವಣಿಗೆ, ಪಂದ್ಯ ಎರಡೂ ಮರುದಿನಕ್ಕೆ. ಚರ್ಚ್ ಹೊರಗೆ ಕಟ್ಟಿದ ಕುದುರೆಗಳು ಗದ್ದಲಕ್ಕೆ ಬೆದರಬಾರದು ಅಂತ 1893ರಲ್ಲಿ ಮಾಡಿದ ಕಟ್ಟಳೆ. ಅದನ್ನು ಇನ್ನೂ ಬಿಟ್ಟಿಲ್ಲ.

ಹಬ್ಬಕ್ಕೆ ಇನ್ನಷ್ಟು ಜನ ಬರಲಿ, ದುಡ್ಡೂ ಆಗಲಿ ಅಂತ 1902ರಲ್ಲಿ ಫುಟ್‌ಬಾಲ್ ಸೇರಿಸಿದರು. ಚೆಂಡು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್. ಪಶ್ಚಿಮದಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ, ಪೂರ್ವದ ಕಡೆಯಿಂದ ಮಿಶಿಗನ್ ವಿಶ್ವವಿದ್ಯಾಲಯದ್ದು. ಮಿಶಿಗನ್ ಆ ಸಲ ಯಾರಿಗೂ ಒಂದು ಪಾಯಿಂಟ್ ಕೂಡ ಬಿಟ್ಟುಕೊಟ್ಟಿರಲಿಲ್ಲ. ಅದರ ಕೋಚ್ ಫೀಲ್ಡಿಂಗ್ ಯೋಸ್ಟ್. ಹಿಂದಿನ ಸೀಸನ್‌ನಲ್ಲಿ ಸ್ಟ್ಯಾನ್‌ಫರ್ಡ್‌ಗೆ ಕಲಿಸಿದವರೂ ಅವರೇ! ಮಿಶಿಗನ್‌ನ ನೀಲ್ ಸ್ನೋ ಒಬ್ಬರೇ ಐದು ಟಚ್‌ಡೌನ್ ಮಾಡಿದರು, ಅಂದರೆ ಐದು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರು. ಆಟ ಮುಗಿಯಲು ಇನ್ನೂ ಎಂಟು ನಿಮಿಷ ಇರುವಾಗ ಸ್ಟ್ಯಾನ್‌ಫರ್ಡ್ ಹುಡುಗರು ಇನ್ನು ಆಗಲ್ಲ ಅಂತ ಕೈಚೆಲ್ಲಿದರು. ಅಷ್ಟರಲ್ಲಿ 49-0.

ಆ ಸೋಲಿನ ಪೆಟ್ಟು ಪಂದ್ಯಕ್ಕೇ ಬಿತ್ತು. ಪಾಸಡೀನಾ ಫುಟ್‌ಬಾಲ್ ಸಹವಾಸವೇ ಬೇಡ ಅಂದಿತು. ಮುಂದಿನ ವರ್ಷ ಪೋಲೋ ಆಡಿಸಿದರು. 1904ರಿಂದ ರೋಮನ್ನರ ಹಾಗೆ ರಥದ ಓಟ. ಒಂದು ಸಲ ಆನೆಗೂ ಒಂಟೆಗೂ ಪಂದ್ಯ ಕಟ್ಟಿದರು, ಆನೆ ಗೆದ್ದಿತು. ಹೀಗೆ 14 ವರ್ಷ ಕಳೆಯಿತು.

1916ರಲ್ಲಿ ಫುಟ್‌ಬಾಲ್ ವಾಪಸ್ ಬಂತು. ಮಳೆ, ಕೆಸರು. ವಾಷಿಂಗ್‌ಟನ್ ಸ್ಟೇಟ್ ತಂಡ ಬ್ರೌನ್ ವಿಶ್ವವಿದ್ಯಾಲಯದ ತಂಡವನ್ನು 14-0ಯಿಂದ ಸೋಲಿಸಿತು. ನನಗೆ ಆ ದಿನ ದೊಡ್ಡದು ಅನಿಸುವುದು ಬೇರೆ ಕಾರಣಕ್ಕೆ. ಬ್ರೌನ್ ಪರ ಫ್ರಿಟ್ಜ್ ಪೊಲಾರ್ಡ್ ಆಡಿದರು. ಈ ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವರು. ಮೊದಲ ಮಹಾಯುದ್ಧದ ಹೊತ್ತಿಗೆ, 1918 ಮತ್ತು 1919ರಲ್ಲಿ, ಕಾಲೇಜುಗಳ ಬದಲು ಸೇನೆಯ ತಂಡಗಳು ಆಡಿದವು.

ಜನ ಜಾಸ್ತಿಯಾಗಿ, ಅಲ್ಲಿಯವರೆಗೆ ಆಡುತ್ತಿದ್ದ ಟೂರ್ನಮೆಂಟ್ ಪಾರ್ಕ್ ಮೈದಾನ ಸಾಲದಾಯಿತು. ಮೈರನ್ ಹಂಟ್ ಎಂಬ ವಾಸ್ತುಶಿಲ್ಪಿ ಅರೋಯೊ ಸೆಕೊ ಕಣಿವೆಯಲ್ಲಿ ಹೊಸ ಸ್ಟೇಡಿಯಂ ಕಟ್ಟಿದರು. ಅವರ ಮುಂದಿದ್ದ ಮಾದರಿ 1914ರ ಯೇಲ್ ಬೌಲ್, ಯೇಲ್ ವಿಶ್ವವಿದ್ಯಾಲಯದ ಬಟ್ಟಲಿನಾಕಾರದ ಸ್ಟೇಡಿಯಂ. ಗುಲಾಬಿ ಹಬ್ಬದ ಬಟ್ಟಲು ಅಲ್ವಾ, ಅದಕ್ಕೇ ರೋಸ್ ಬೌಲ್. ಮೈದಾನದ ಹೆಸರೇ ಪಂದ್ಯಕ್ಕೂ ಅಂಟಿಕೊಂಡಿತು. 1935ರಲ್ಲಿ ಆರೆಂಜ್, ಶುಗರ್, ಸನ್ ಪಂದ್ಯಗಳು ಶುರುವಾದಾಗ 'ಬೌಲ್' ಅನ್ನುವ ಹೆಸರನ್ನು ಅವೂ ಇಟ್ಟುಕೊಂಡವು.

ಹೊಸ ಮೈದಾನದಲ್ಲಿ ಮೊದಲ ಹೊಸ ವರ್ಷದ ಪಂದ್ಯ 1923ರಲ್ಲಿ. ಪೆನ್ ಸ್ಟೇಟ್ ತಂಡ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂತು. ಜಗಳವಾಗಿ ಕೋಚ್‌ಗಳಿಬ್ಬರೂ ಹೊಡೆದಾಡುವುದೊಂದು ಬಾಕಿ. ಎದುರಾಳಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) 14-3ರಿಂದ ಗೆಲ್ಲುವ ಹೊತ್ತಿಗೆ ಕತ್ತಲಾಗಿತ್ತು. ಪತ್ರಕರ್ತರು ಬೆಳದಿಂಗಳಲ್ಲಿ ಬೆಂಕಿಕಡ್ಡಿ ಗೀರಿ ಗೀರಿ ವರದಿ ಬರೆದು ಮುಗಿಸಿದರು.