ಹೆಪಟೈಟಿಸ್ ಬಿ ಇದ್ದೂ ಔಷಧ ಬೇಡ ಎಂದರೆ ಅದು ಉದಾಸೀನವೇ?

ರಕ್ತದಾನ ಮಾಡಿದ ಮೇಲೆ ಹೆಪಟೈಟಿಸ್ ಬಿ ಇದೆಯೆಂದು ತಿಳಿಯಿತು, ಮೈಯಲ್ಲಿ ಯಾವ ತೊಂದರೆಯೂ ಇಲ್ಲ, ವೈದ್ಯರು ಔಷಧ ಕೊಡದೆ ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಿದರು, ಇದು ಉದಾಸೀನವಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ವೈದ್ಯನಲ್ಲ, ಹದಿನೈದು ವರ್ಷಗಳಿಂದ ಇದೇ ವೈರಾಣುವಿನೊಂದಿಗೆ ಬದುಕುತ್ತಿರುವವನು, ನನಗೂ ಇದು ಗೊತ್ತಾದದ್ದು ಕಾಲೇಜಿನ ರಕ್ತದಾನ ಶಿಬಿರದಲ್ಲೇ. ವೈದ್ಯರು ಔಷಧ ಬರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಉದಾಸೀನವಾಗುವುದಿಲ್ಲ. ಬೇಡ ಎನ್ನುವ ಮೊದಲು ಯಾವ ಯಾವ ಪರೀಕ್ಷೆ ಮಾಡಿಸಿದರು ಎಂಬುದನ್ನು ನೋಡಬೇಕು.

ನಮ್ಮ ದೇಶದ ರಕ್ತನಿಧಿಗಳಲ್ಲಿ ಪ್ರತಿ ಚೀಲದ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕಾಗಿ ಪರೀಕ್ಷಿಸುವುದು ಕಡ್ಡಾಯ. ಅಲ್ಲಿ ಹುಡುಕುವುದು ಎಚ್‌ಬಿಎಸ್‌ಎಜಿ ಎಂಬ, ವೈರಾಣುವಿನ ಹೊರಮೈಯ ಪ್ರೋಟೀನನ್ನು. ಮೊದಲ ವರದಿಯಲ್ಲಿ ‘ರಿಯಾಕ್ಟಿವ್’ ಎಂದು ಬಂದರೆ ಮತ್ತೊಮ್ಮೆ ದೃಢಪಡಿಸಿಕೊಳ್ಳಬೇಕು. ಆರು ತಿಂಗಳ ನಂತರವೂ ಅದು ರಕ್ತದಲ್ಲಿ ಉಳಿದಿದ್ದರೆ ಮಾತ್ರ ದೀರ್ಘಕಾಲಿಕ ಸೋಂಕು ಎನ್ನುತ್ತಾರೆ. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿಯ ದೇಹ ತಾನಾಗಿಯೇ ವೈರಾಣುವನ್ನು ತೊಲಗಿಸುತ್ತದೆ, ಆದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ತಗುಲಿದ ಶಿಶುಗಳಲ್ಲಿ ಸುಮಾರು 90 ಪ್ರತಿಶತಕ್ಕೆ ಅದು ಉಳಿದುಬಿಡುತ್ತದೆ. ಯಾವ ತಪ್ಪಿಗೆ ಇದು ಬಂತು ಎಂದು ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದಾಗ ಅವರಿಗೂ ಇದ್ದದ್ದು ಗೊತ್ತಾಯಿತು, ಅರವತ್ತು ದಾಟಿದ್ದ ಅವರಿಗೆ ಅಲ್ಲಿಯವರೆಗೆ ಒಮ್ಮೆಯೂ ಕಾಮಾಲೆ ಆಗಿರಲಿಲ್ಲ.

ತೊಂದರೆ ಕಾಣದಿರುವುದಕ್ಕೆ ಕಾರಣವಿದೆ. ಈ ವೈರಾಣು ಯಕೃತ್ತಿನ ಕೋಶಗಳನ್ನು ತಾನೇ ಕೊಲ್ಲುವುದು ಕಡಿಮೆ. ಸೋಂಕು ಹೊತ್ತ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಎರಗಿದಾಗ ಆಗುವ ಹಾನಿಯೇ ಹೆಚ್ಚು. ಎರಡೂ ಕಡೆಯವರು ಸುಮ್ಮನಿದ್ದಷ್ಟು ಕಾಲ ಯಕೃತ್ತು ಚೆನ್ನಾಗಿರುತ್ತದೆ, ಆದರೆ ಆ ಮೌನ ಎಂದು ಮುರಿಯುತ್ತದೆ ಎಂದು ಮೈಗೆ ತಿಳಿಯುವುದಿಲ್ಲ, ಏಕೆಂದರೆ ಯಕೃತ್ತು ಬಹಳಷ್ಟು ಹಾಳಾಗುವವರೆಗೂ ನೋವು ಕೊಡುವ ಅಂಗವಲ್ಲ. ಈಗಿರುವ ಮಾತ್ರೆಗಳು ವೈರಾಣುವಿನ ವೃದ್ಧಿಯನ್ನು ತಡೆಯುತ್ತವೆಯೇ ಹೊರತು, ಕೋಶಕೇಂದ್ರದೊಳಗೆ ಉಂಗುರದಂತೆ ಅಡಗಿ ಕುಳಿತ ಅದರ ಡಿಎನ್‌ಎಯನ್ನು ತೆಗೆದುಹಾಕುವುದಿಲ್ಲ. ಒಮ್ಮೆ ಶುರು ಮಾಡಿದರೆ ಬಹುಪಾಲು ಜನ ವರ್ಷಾನುಗಟ್ಟಲೆ ನುಂಗಬೇಕಾಗುತ್ತದೆ, ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ತೀವ್ರವಾಗಿ ಮರುಕಳಿಸಬಹುದು. ಅಗತ್ಯವಿಲ್ಲದವರಿಗೆ ಅವಸರದಲ್ಲಿ ಬರೆಯದಿರುವುದು ಇದಕ್ಕೇ.

ಅಗತ್ಯ ಯಾರಿಗೆ ಎಂಬುದನ್ನು ಎಚ್‌ಬಿಎಸ್‌ಎಜಿ ಒಂದೇ ಹೇಳಲಾರದು. ರಕ್ತದಲ್ಲಿ ವೈರಾಣುವಿನ ಡಿಎನ್‌ಎ ಪ್ರಮಾಣ, ಯಕೃತ್ತಿನ ಕೋಶಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಎಂಬ ಕಿಣ್ವ (ಹಳೆಯ ವರದಿಗಳಲ್ಲಿ ಎಸ್‌ಜಿಪಿಟಿ), ವೈರಾಣು ಚುರುಕಾಗಿ ವೃದ್ಧಿಯಾಗುತ್ತಿರುವುದನ್ನು ಸೂಚಿಸುವ ಎಚ್‌ಬಿಇಎಜಿ ಎಂಬ ಪ್ರೋಟೀನ್, ಪ್ಲೇಟ್‌ಲೆಟ್ ಎಣಿಕೆ, ಹೊಟ್ಟೆಯ ಅಲ್ಟ್ರಾಸೌಂಡ್, ಸಾಧ್ಯವಿದ್ದಲ್ಲಿ ಯಕೃತ್ತಿನ ಬಿಗಿತವನ್ನು ಅಳೆಯುವ ಫೈಬ್ರೋಸ್ಕ್ಯಾನ್, ಇವೆಲ್ಲ ಬೇಕು. ಡಿಎನ್‌ಎ ಮಿಲಿಲೀಟರಿಗೆ 2000 ಇಂಟರ್‌ನ್ಯಾಷನಲ್ ಯೂನಿಟ್‌ಗಿಂತ ಕಡಿಮೆಯಿದ್ದು, ಎಎಲ್‌ಟಿ ಸಹಜವಾಗಿದ್ದು, ಯಕೃತ್ತಿನಲ್ಲಿ ಗಾಯದ ಗುರುತಿಲ್ಲದಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಈ ಪರೀಕ್ಷೆಗಳನ್ನು ಮಾಡಿಸದೆ ‘ಏನೂ ಆಗಲ್ಲ ಹೋಗಿ’ ಎಂದಿದ್ದರೆ ಮಾತ್ರ ನೀವು ಖಂಡಿತ ಬೇರೆ ವೈದ್ಯರನ್ನು ಕಾಣಬೇಕು. ನನಗೆ ಮೊದಲು ಹಾಗೆಯೇ ಹೇಳಿದ್ದರು, ನಾನೂ ಸಂತೋಷದಿಂದ ನಂಬಿ ಎರಡು ವರ್ಷ ಕಳೆದೆ.

ಈಗ ನನ್ನ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸಾಲು. ಎಎಲ್‌ಟಿ 26, 31, 24. ಡಿಎನ್‌ಎ 410, 780, 350. ಬೇಸರ ಹುಟ್ಟಿಸುವ ಅಂಕಿಗಳು, ಅವು ಹಾಗೇ ಇರಲಿ ಎಂಬುದೇ ನನ್ನ ಆಸೆ. ಅದೇ ಪುಸ್ತಕದ ಹಿಂಬದಿಯ ಪುಟದಲ್ಲಿ ನನ್ನ ಅಣ್ಣನ ಸಾಲುಗಳಿವೆ. ಅವನೂ ನನ್ನಷ್ಟೇ ಗಟ್ಟಿಮುಟ್ಟಾಗಿದ್ದ, ಬೆಳಿಗ್ಗೆ ತೋಟಕ್ಕೆ ಹೋದರೆ ಮಧ್ಯಾಹ್ನದವರೆಗೆ ಕೂರುತ್ತಿರಲಿಲ್ಲ. ಒತ್ತಾಯಕ್ಕೆ ಪರೀಕ್ಷೆ ಮಾಡಿಸಿದಾಗ ಡಿಎನ್‌ಎ 48,000 ಇತ್ತು, ಎಎಲ್‌ಟಿ ಏರಿತ್ತು, ಯಕೃತ್ತು ಬಿಗಿಯಲು ಶುರುವಾಗಿತ್ತು. ಅವನಿಗೆ ಅಂದಿನಿಂದ ದಿನಕ್ಕೊಂದು ಟೆನೋಫೊವಿರ್ ಮಾತ್ರೆ. ಮುಂದಿನ ವರ್ಷದ ಸಾಲಿನಲ್ಲಿ ಡಿಎನ್‌ಎ ಜಾಗದಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದೇನೆ. ಒಂದೇ ತಾಯಿಯಿಂದ ಬಂದ ಒಂದೇ ವೈರಾಣು, ಇಬ್ಬರಿಗೂ ಲಕ್ಷಣವಿಲ್ಲ, ಚಿಕಿತ್ಸೆ ಮಾತ್ರ ಬೇರೆ ಬೇರೆ.

ನೆಲನೆಲ್ಲಿಯ ವಿಷಯವನ್ನು ಯಾರಾದರೂ ನಿಮಗೂ ಹೇಳಿಯೇ ಹೇಳುತ್ತಾರೆ. ನಮ್ಮ ಅಜ್ಜಿ ಅದನ್ನು ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದರು. ಇದನ್ನು ಬರಿಯ ಮೂಢನಂಬಿಕೆ ಎನ್ನಲಾರೆ. ಈ ವೈರಾಣುವನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಅವರೇ ಮದರಾಸಿನ ವಿಜ್ಞಾನಿಗಳ ಜೊತೆ ಇದರ ಮೇಲೆ ಕೆಲಸ ಮಾಡಿದರು, 1988ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದು ಬಹಳ ಭರವಸೆ ಹುಟ್ಟಿಸಿತ್ತು ಕೂಡ. ಆದರೆ ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಬಳಸುವುದೇ ಆದರೆ ವೈದ್ಯರಿಗೆ ತಿಳಿಸಿ; ಹೆಸರು ಗೊತ್ತಿಲ್ಲದ ಪುಡಿಗಳನ್ನಂತೂ ದೂರವಿಡಿ, ಮದ್ಯವನ್ನೂ ಕೂಡ.

ಇನ್ನೊಂದು ವಿಷಯವನ್ನು ಎಂದೂ ಮರೆಯಬೇಡಿ. ಸ್ಟೀರಾಯ್ಡ್, ಕಿಮೋಥೆರಪಿ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಯಾವುದೇ ಔಷಧ ಶುರುವಾಗುವ ಮುನ್ನ, ಕೀಲುನೋವಿಗೆ ಹೋಗಿದ್ದರೂ ಚರ್ಮದ ಕಾಯಿಲೆಗೆ ಹೋಗಿದ್ದರೂ, ನಿಮಗೆ ಹೆಪಟೈಟಿಸ್ ಬಿ ಇದೆಯೆಂದು ಹೇಳಿಬಿಡಿ; ಮಲಗಿರುವ ವೈರಾಣು ಅಂಥ ಸಮಯದಲ್ಲೇ ಏಳುವುದು, ಮುಂಚಿತವಾಗಿ ಮಾತ್ರೆ ಕೊಟ್ಟರೆ ತಡೆಯಬಹುದು. ನಲವತ್ತು ದಾಟಿದ ಗಂಡಸರಿಗೆ, ಮನೆತನದಲ್ಲಿ ಯಕೃತ್ತಿನ ಕ್ಯಾನ್ಸರ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲು ಹೇಳುತ್ತಾರೆ, ಏಕೆಂದರೆ ಈ ಸೋಂಕಿನಲ್ಲಿ ಸಿರೋಸಿಸ್ (ಯಕೃತ್ತು ಗಾಯಗಳಿಂದ ಗಟ್ಟಿಯಾಗುವುದು) ಆಗದೆಯೂ ಕ್ಯಾನ್ಸರ್ ಬರಬಹುದು.

ಖರ್ಚಿಗೆ ಹೆದರಬೇಡಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತವಾಗಿ ಸಿಗುತ್ತವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಊಟದ ತಟ್ಟೆ, ಲೋಟ, ಅಪ್ಪುಗೆ, ಒಂದೇ ಶೌಚಾಲಯ, ಇವುಗಳಿಂದ ಇದು ಹರಡುವುದಿಲ್ಲ. ನಮ್ಮ ಮನೆಯಲ್ಲಿ ಕೆಲವು ತಿಂಗಳು ನನಗೆಂದು ಪ್ರತ್ಯೇಕ ತಟ್ಟೆ ಇಟ್ಟಿದ್ದರು, ಅದು ಅನಾವಶ್ಯಕವಾಗಿತ್ತು. ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಹಾಗಾಗಿ ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆಯಿರಲಿ, ಮತ್ತೆ ರಕ್ತದಾನ ಮಾಡಬೇಡಿ. ಒಡಹುಟ್ಟಿದವರು, ತಾಯಿ, ಸಂಗಾತಿ ಎಲ್ಲರ ರಕ್ತವನ್ನೂ ಒಮ್ಮೆ ಪರೀಕ್ಷಿಸಿ. ಸೋಂಕು ತಗುಲದವರು, ಮೊದಲೇ ರಕ್ಷಣೆ ಇಲ್ಲದಿದ್ದರೆ, ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಲಿ. ನನ್ನ ಹೆಂಡತಿ ಮದುವೆಗೆ ಮೊದಲೇ ಹಾಕಿಸಿಕೊಂಡಳು, ಕೊನೆಯ ಡೋಸಾದ ಎರಡು ತಿಂಗಳಿಗೆ ಪ್ರತಿಕಾಯದ ಪರೀಕ್ಷೆ ಮಾಡಿಸಿದೆವು. 10 ಇದ್ದರೆ ಸಾಕಿತ್ತು, ಅವಳದು 340 ಇತ್ತು, ಅದನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.